ಜಾಬ್ರಿಯಾದ ಒಂದನೇ ಮಿಷನ್

ನಿನ್ನೆ ಶುಕ್ರವಾರ ಮಾಡಿದ ಕೆಲಸಗಳು: ಎರಡು ಮೆಷಿನ್ ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿದೆ, ಧೂಳು ಎದ್ದದ್ದರಿಂದ ಅರ್ಧ ಗಂಟೆಯಲ್ಲಿ ಒಳಗೆ ತಂದೆ. ಗಂಡನ ಮೂರು ಅಂಗಿಗೆ ಇಸ್ತ್ರಿ ಹಾಕಿದೆ. ಫ್ರಿಜ್ಜಿನ ಕೆಳಗಿನ ಡಬ್ಬ ತೆಗೆದು ತೊಳೆದೆ. ಊರಿನಲ್ಲಿರುವ ಅತ್ತೆಗೆ ಫೋನ್ ಮಾಡಿ ಮಂಡಿನೋವು ವಿಚಾರಿಸಿದೆ. ಮಧ್ಯಾಹ್ನದ ಸಾರಿಗೆ ಎಂಟು ಬಂಗುಡೆ ಹಸನು ಮಾಡಲು ಕೂತೆ. ಆರನೆಯದು ಕೈಯಲ್ಲಿದ್ದಾಗ ನಮ್ಮ ಇಗರ್ಜಿಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: ಟೀಚರ್ ಬೆಳಿಗ್ಗೆ ಮಂಗಳೂರಿನಲ್ಲಿ ತೀರಿಕೊಂಡರು. ಓದಿ, ಫೋನಿಗೆ ಅಂಟಿದ ಮೀನಿನ ನೀರು ಒರೆಸಿ, ಉಳಿದ ಎರಡು ಬಂಗುಡೆಯನ್ನೂ ಹಸನು ಮಾಡಿದೆ. ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಕೈಮುಗಿದ ಚಿತ್ರ ಹಾಕುತ್ತಿದ್ದರು. ನಾನು ಹಾಕಲಿಲ್ಲ.

ಟೀಚರ್ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಬೆರಳ ತುದಿಗಳು. ರಟ್ಟಿನಲ್ಲಿ ಇಗರ್ಜಿಗಳ ಮಾದರಿ ಕಟ್ಟುತ್ತಿದ್ದರಲ್ಲ, ಒಣಗಿದ ಬಿಳಿ ಅಂಟು ಸದಾ ಬೆರಳಿಗೆ ಹತ್ತಿರುತ್ತಿತ್ತು. ಎದುರಿಗಿದ್ದವರು ಮಾತಾಡುವಾಗ ಅವರು ಅದನ್ನು ಸಿಪ್ಪೆಯಂತೆ ಸುಲಿಯುತ್ತಾ ಕೂರುವರು. ಬೆರಳಿನ ಗೆರೆಗಳೆಲ್ಲ ಮೂಡಿದ ತೆಳು ಪೊರೆಗಳನ್ನು ಸಾಸರಿನ ಅಂಚಿನಲ್ಲಿ ಸಾಲಾಗಿ ಇಡುವರು. ನಿಮ್ಮ ಮಾತು ಎಷ್ಟು ಬೇಸರ ತರಿಸಿತು ಎಂಬುದನ್ನು ಆ ಸಾಲು ನೋಡಿ ತಿಳಿಯಬಹುದಿತ್ತು.

ಅವರು ಇಲ್ಲಿ ಕುವೈತಿನ ಸಾಲ್ಮಿಯಾದ ಒಂದು ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದರು. ಗಂಡ ಎಂಜಿನಿಯರ್, ಜಾಬ್ರಿಯಾದಲ್ಲಿ ದೊಡ್ಡ ಫ್ಲ್ಯಾಟ್. ಒಂದು ರಜೆಯಲ್ಲಿ ಕ್ಯಾಲಿಫೋರ್ನಿಯಾದ ತಂಗಿಯ ಮನೆಗೆ ಹೋಗಿದ್ದಾಗ, ಹಿಂದೆ ಸ್ಪೇನಿನ ಪಾದ್ರಿಗಳು ಅಲ್ಲಿಯ ಮೂಲನಿವಾಸಿಗಳಿಗಾಗಿ ಕಟ್ಟಿಸಿದ ಒಂದು ಮಿಷನ್ನಿನ ಅಂಗಳ ನೋಡಿ ಬಂದರು. ಬಂದವರೇ ಆ ಮಿಷನ್‌ಗಳ ಚರಿತ್ರೆ ಓದಲು ಒಂದು ಸಂಘ ಕಟ್ಟಿದರು. ಸ್ಪೇನಿನವರೇ ಯಾಕೆ, ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರನ್ನು ಓದಬಾರದೇ ಎಂದು ನಾನು ಕೇಳಿದ್ದೆ.

"ಪೋರ್ಚುಗೀಸರ ಸುದ್ದಿ ಎತ್ತಿದ್ರೆ ನಮ್ಮವರು ಮನೆತನ, ಜಾತಿ ಅಂತ ಜಗಳಕ್ಕೆ ನಿಲ್ತಾರೆ ಮಾರಾಯ್ತಿ. ಸ್ಪೇನಿನವರು ನಮಗೆ ಯಾರೂ ಅಲ್ಲ. ಆರಾಮಲ್ಲಿ ಓದ್ಬಹುದು."

ಹಾಗೆ ಆರಾಮಲ್ಲಿ ಓದಿದೆವು. ತಿಂಗಳ ಮೊದಲ ಶುಕ್ರವಾರ ಸಂಜೆ ನಾಲ್ಕಕ್ಕೆ ಅವರ ಹಾಲ್‌ನಲ್ಲಿ ಸಭೆ. ಇಪ್ಪತ್ತು ನಿಮಿಷ ಸ್ಪ್ಯಾನಿಷ್ ಪಾಠ, ಒಬ್ಬರ ಪ್ರಬಂಧ, ಪರದೆಯ ಮೇಲೆ ಚಿತ್ರಗಳು, ಆಮೇಲೆ ಚಾ. ಕ್ಯಾಲಿಫೋರ್ನಿಯಾ ಕರಾವಳಿಯ ಇಪ್ಪತ್ತೊಂದು ಮಿಷನ್‌ಗಳನ್ನು ಸದಸ್ಯರಿಗೆ ಹಂಚಿದ್ದರು. ಹಾಜರಿ ಕರೆಯುವಾಗ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ಒಂದನೇ ಮಿಷನ್ ಟೀಚರ್. ನಾನು ಏಳು. ಫರ್ವಾನಿಯಾದ ಲ್ಯಾಬ್ ಟೆಕ್ನಿಶಿಯನ್ ಹೆಂಗಸು ಎಂಟು. ವಿಮಾ ಕಂಪನಿಯ ತಮಾಷೆಯ ಮನುಷ್ಯ ಹನ್ನೆರಡು, ಕರೆದಾಗಲೆಲ್ಲ "ಬಿದ್ದಿಲ್ಲ, ನಿಂತಿದೆ!" ಎನ್ನುತ್ತಿದ್ದರು. ಯಾರಾದರೂ ಕುವೈತ್ ಬಿಟ್ಟು ಊರು ಸೇರಿದರೆ ಆ ಮಿಷನ್ ಖಾಲಿ.

ನಾನು ಕ್ಲಿನಿಕ್ಕಿನ ದಾಖಲೆ ವಿಭಾಗದವಳು, ಅಕ್ಷರ ದುಂಡಗಿದೆ ಎಂದು ಸೆಕ್ರೆಟರಿ ಮಾಡಿದರು. ವರದಿ ಬರೆಯುವುದನ್ನು ಅವರೇ ಕಲಿಸಿದರು. ನನ್ನ ಮೊದಲ ವರದಿಯಲ್ಲಿ "ಎಲ್ಲರಿಗೂ ತುಂಬಾ ಸಂತೋಷವಾಯಿತು" ಎಂದಿದ್ದ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೀಟು ಎಳೆದರು. "ಆದದ್ದನ್ನು ಬರಿ, ಅನಿಸಿದ್ದು ಬೇಡ. ಯಾರು, ಎಂತ, ಯಾವಾಗ. ಅಷ್ಟೇ." ಸಭೆಯಲ್ಲಿ ಯಾರಾದರೂ ಒಂದು ಕೆಲಸ ಮಾಡುತ್ತೇನೆ ಎಂದು ಬಾಯಿಬಿಟ್ಟರೆ ಸಾಕು, ಅದು ಪುಸ್ತಕಕ್ಕೆ ಬರಬೇಕು: ಕೆಲಸ, ಹೊಣೆ, ಅವಧಿ. ಮುಂದಿನ ಸಭೆಯಲ್ಲಿ ನಾನು ಅದನ್ನು ಗಟ್ಟಿಯಾಗಿ ಓದಬೇಕು. ಹೊಣೆ ಹೊತ್ತವರು "ಆಗಿದೆ" ಅಥವಾ "ಆಗಿಲ್ಲ" ಎನ್ನಬೇಕು, ವಿವರಣೆ ಕೂಡದು. ಮಗುವಿಗೆ ಜ್ವರ ಬಂದದ್ದರಿಂದ ಚಿತ್ರ ತರಲಾಗಲಿಲ್ಲ ಎಂದು ಹೇಳಲು ಹೊರಟ ಹದಿನಾಲ್ಕನೇ ಮಿಷನ್ನನ್ನು ಮಾತು ಮುಗಿಯುವ ಮುಂಚೆಯೇ ಕೂರಿಸಿದ್ದರು. "ಜ್ವರದ ಕತೆ ನಾನು ಕೇಳಲಿಲ್ಲ. ಆಗಿಲ್ಲ ಅಂತ ಹೇಳಿ, ಕೂತ್ಕೊಳ್ಳಿ." ಆತ ಮರುತಿಂಗಳಿನಿಂದ ಬರಲೇ ಇಲ್ಲ.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ಮನೆಗೆಲಸಕ್ಕೆ ಫಿಲಿಪೀನ್ಸಿನಿಂದ ಬಂದ, ಮೂವತ್ತೈದು ದಾಟಿದ ಹೆಂಗಸು. ಟೀಚರ್ ಅವಳನ್ನು "ನಮ್ಮವಳು" ಎನ್ನುತ್ತಿದ್ದರೇ ಹೊರತು ಹೆಸರು ಹೇಳಿದ್ದು ನಾನು ಕೇಳಿಲ್ಲ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ನನ್ನ ಕಾರಣ ಬೇರೆ, ಅವಳು ಮತ್ತೆ ಎಲ್ಲಾದರೂ ಕೆಲಸ ಹುಡುಕಬೇಕಾಗಬಹುದು. ಅವಳ ನಾಡನ್ನೂ ಸ್ಪೇನಿನವರು ಮುನ್ನೂರು ವರ್ಷ ಆಳಿದ್ದರು. ಉಳಿದಿದ್ದ ನಾವು ಹದಿಮೂರು ಮಂದಿ ಪುಸ್ತಕ ಹಿಡಿದು ಸೋಮವಾರ, ಮಂಗಳವಾರಕ್ಕೆ ಸ್ಪ್ಯಾನಿಷ್ ಪದ ಉರುಹೊಡೆಯುವಾಗ ಅವಳು ಕಪ್ಪು ಇಡುತ್ತಾ ಸುಮ್ಮನೆ ನಗುತ್ತಿದ್ದಳು. ಅವಳ ಭಾಷೆಯಲ್ಲಿ ವಾರದ ದಿನಗಳಿಗೆ ಇರುವುದೇ ಆ ಪದಗಳು. ರಟ್ಟು ಕತ್ತರಿಸುವುದು, ಗೋಪುರಕ್ಕೆ ಬಣ್ಣ ಬಳಿಯುವುದು, ಸಂಘದ ಕ್ಯಾಲೆಂಡರಿಗೆ ಚಿತ್ರ ಅಂಟಿಸುವುದು, ಹದಿಮೂರು ಮಂದಿಗೆ ಪ್ಯಾಟೀಸು, ಎಲ್ಲ ಅವಳೇ. ಸಂಘದ ಕೆಲಸ ನಿಜವಾಗಿ ಮಾಡಿದವಳು ಅವಳೊಬ್ಬಳು. ಅವಳಿಗೆ ನಂಬರು ಇರಲಿಲ್ಲ.

ಒಂದು ಅಕ್ಟೋಬರಿನ ಸಭೆಯ ದಿನ ಲೋಟ ಇಡಲು ಅಡುಗೆಮನೆಗೆ ಹೋದಾಗ ಅವಳು ನನ್ನ ಮೊಣಕೈ ಹಿಡಿದಳು. ಅವಳ ಇಂಗ್ಲಿಷು ನಮ್ಮೆಲ್ಲರದಕ್ಕಿಂತ ಚೆನ್ನಾಗಿತ್ತು. ನಾನು ಕನ್ನಡದಲ್ಲಿ ಬರೆಯುತ್ತೇನೆ. ಅವರಲ್ಲಿ ಅಕ್ಕನನ್ನು ಕರೆಯುವ ಹಾಗೆ 'ಆತೆ' ಎಂದು ಕರೆದಳು.

"ಆತೆ, ನನ್ನ ಎರಡು ವರ್ಷದ ಕರಾರು ಸೆಪ್ಟೆಂಬರಿಗೆ ಮುಗಿಯಿತು. ಮೇ ಕೊನೆಗೆ ನಮ್ಮ ಇಗರ್ಜಿಯಲ್ಲಿ ಮಗಳ ಮೊದಲ ಪರಮಪ್ರಸಾದದ ಹಬ್ಬ ಉಂಟು. ಪಾಸ್‌ಪೋರ್ಟ್ ಮೇಡಂ ಹತ್ತಿರ ಇದೆ, ಕೊಡುತ್ತಿಲ್ಲ. ನೀವು ಒಂದು ಮಾತು ಹೇಳಿ."

"ನೋಡೋಣ" ಎಂದೆ.

ಹೇಳಲಿಲ್ಲ. ಕೆಲಸದವರ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಈ ದೇಶದ ಕಾನೂನಿಗೇ ವಿರುದ್ಧ ಎಂದು ನನಗೆ ಗೊತ್ತಿತ್ತು, ಟೀಚರಿಗೂ ಗೊತ್ತಿತ್ತು. ಆದರೆ ನನ್ನ ಮಗಳಿಗೆ ಅವರ ಶಾಲೆಯಲ್ಲಿ ಸೀಟು ಕೊಡಿಸಿದವರು ಅವರು. ಅವರ ಗಂಡನಿಗೆ ನನ್ನ ಗಂಡನ ಕಂಪನಿಯ ಮ್ಯಾನೇಜರು ಆಪ್ತರು. ಟೀಚರ್ ಅವಳಿಗೆ ಕ್ರಿಸ್ಮಸ್ ಆಗಲಿ ಎಂದರಂತೆ, ಆಮೇಲೆ ಕ್ಯಾಲೆಂಡರು ಮುಗಿಯಲಿ ಎಂದರಂತೆ. ನಾನು ತಿಂಗಳು ತಿಂಗಳು ಹೋಗಿ ಪ್ಯಾಟೀಸು ತಿಂದು ವರದಿ ಬರೆದು ಬಂದೆ.

ಏಪ್ರಿಲ್ ಸಭೆಯಲ್ಲಿ ಟೀಚರದ್ದೇ ಪ್ರಬಂಧ. ಈಸ್ಟರಿಗೆ ಮುಂಚಿನ ತಪಸ್ಸುಕಾಲವಾದ್ದರಿಂದ ಪ್ಯಾಟೀಸಿನಲ್ಲಿ ಮಾಂಸದ ಬದಲು ಮೀನು. ಮಿಷನ್ನಿನ ದಿನಚರಿ, ಯಾವ ಗಂಟೆಗೆ ಪ್ರಾರ್ಥನೆ, ಯಾವ ಗಂಟೆಗೆ ಹೊಲದ ಕೆಲಸ, ಎಲ್ಲ ಸೊಗಸಾಗಿ ಹೇಳಿದರು. ಅವರಿಗೆ ಕಲಿಸಲು ಬರುತ್ತಿತ್ತು, ಅದನ್ನು ಅಲ್ಲಗಳೆಯಲಾರೆ. ದೀಕ್ಷಾಸ್ನಾನ ಪಡೆದ ಮೂಲನಿವಾಸಿಗಳು ಪಾದ್ರಿಗಳ ಅನುಮತಿ ಇಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ, ಓಡಿದವರನ್ನು ಸೈನಿಕರು ಹಿಡಿದು ತರುತ್ತಿದ್ದರು ಎಂದು ಒಂದೇ ಉಸಿರಿನಲ್ಲಿ ಓದಿ ಮುಂದಿನ ಚಿತ್ರಕ್ಕೆ ಹೋದರು.

"ಅವರನ್ನು ಯಾಕೆ ಹಿಡಿದು ತರೋದು ಟೀಚರ್?" ಎಂಟನೇ ಮಿಷನ್ ಕೇಳಿತು.

"ಅವರ ಒಳ್ಳೇದಕ್ಕೇ. ಹೊರಗೆ ಎಂತ ಉಂಟು ಅವರಿಗೆ? ಇಲ್ಲಿ ಊಟ, ಬಟ್ಟೆ, ಪ್ರಾರ್ಥನೆ, ಎಲ್ಲ ಉಂಟಲ್ಲ. ಮತ್ತೆ, ಸರಿಯಾಗಿ ಕೇಳಿದ್ರೆ ಪಾದ್ರಿಗಳು ರಜೆ ಕೊಡ್ತಿದ್ರು."

ಟ್ರೇ ಹಿಡಿದು ನಿಂತವಳು ಹೇಳಿದಳು: "ನಾನು ಕೇಳಿದೆ ಮೇಡಂ. ನಾಲ್ಕು ಸಲ."

ಹನ್ನೆರಡನೇ ಮಿಷನ್ ಜೋರಾಗಿ ನಕ್ಕಿತು. "ಪಾಯಿಂಟ್ ಉಂಟು ಟೀಚರ್! ಪಾದ್ರಿಗಳು ಉತ್ತರ ಕೊಡಲಿ!"

ಎಲ್ಲರೂ ನಕ್ಕರು, ಟೀಚರೂ ನಕ್ಕರು. ನಗುತ್ತಲೇ ಹೇಳಿದರು: "ಆಯ್ತು ಮಾರಾಯ್ತಿ. ಈಸ್ಟರ್ ಒಂದು ಕಳೀಲಿ. ಮುಂದಿನ ಮೀಟಿಂಗಿನ ಒಳಗೆ ಪಾಸ್‌ಪೋರ್ಟ್ ಕೊಡ್ತೇನೆ, ಟಿಕೆಟ್ ಮಾಡಿಸ್ತೇನೆ. ಖಲಾಸ್? ಹೋಗು, ಚಾ ತಾ."

ನಾನು ಬರೆದುಕೊಂಡೆ. ಧೈರ್ಯದಿಂದ ಬರೆದೆ ಎಂದರೆ ಸುಳ್ಳು. ಒಂಬತ್ತು ವರ್ಷದ ರೂಢಿ, ಕೈ ತಾನಾಗಿ ಬರೆಯಿತು. ಮನೆಗೆ ಬಂದು ಶುದ್ಧಪ್ರತಿ ಮಾಡುವಾಗಲೇ ನಾಲ್ಕನೇ ಕಲಮಾಗಿ ಬಂದದ್ದು ಆ ಪಾಸ್‌ಪೋರ್ಟಿನ ಮಾತೆಂದು ಸರಿಯಾಗಿ ಕಂಡದ್ದು.

ಮೇ ಸಭೆಯ ಹಿಂದಿನ ದಿನ ಟೀಚರ್ ಎಂದಿನಂತೆ ಫೋನಿನಲ್ಲಿ ವರದಿ ಓದಿಸಿದರು. ನಾಲ್ಕನೇ ಕಲಮಿಗೆ ತಡೆದರು.

"ಅದು ಬೇಡ. ತೆಗಿ."

"ಸಭೆಯಲ್ಲಿ ಹೇಳಿದ್ದಲ್ವಾ ಟೀಚರ್?"

"ಅದು ಮನೆ ಮಾತು. ನೀನು ನನಗೆ ಕಲಿಸ್ಲಿಕ್ಕೆ ಬರಬೇಡ."

"ಆದದ್ದನ್ನು ಬರಿ ಅಂತ ನೀವೇ ಕಲಿಸಿದ್ದು."

ಅವರು ಫೋನ್ ಇಟ್ಟರು. ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಮಮ್ಮಾ, ಯು ಸೆಡ್ ದಟ್ ಟು ಹರ್?" ಎಂದಳು. ಗಂಡ ಮಾತ್ರ, "ನಿನಗೆ ಯಾಕೆ ಬೇಕಿತ್ತು? ಯಾರದ್ದೋ ಪಾಸ್‌ಪೋರ್ಟಿಗೆ ನಮ್ಮ ಇಕಾಮಾಕ್ಕೆ ಕುತ್ತು ಬರುವುದಾ?" ಎಂದು ಟಿವಿಯ ಸದ್ದು ಏರಿಸಿದರು. ಅವರ ಹೆದರಿಕೆ ಸುಳ್ಳಲ್ಲ, ಇಕಾಮಾ ಇಲ್ಲದವರಿಗೆ ಈ ದೇಶದಲ್ಲಿ ವಾಸವಿಲ್ಲ. ಆ ಕಲಮನ್ನು ಬಿಟ್ಟು ಇನ್ನೊಂದು ಪ್ರತಿ ಬರೆದೂ ಇಟ್ಟುಕೊಂಡೆ. ಸಭೆಗೆ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ.

ಬಾಗಿಲು ತೆರೆದವಳು ಅವಳೇ. ಏನೂ ಕೇಳಲಿಲ್ಲ, ನನ್ನ ಚಪ್ಪಲಿಗಳನ್ನು ಜೋಡಿಸಿ ಗೋಡೆಗೆ ಸರಿಸಿದಳು. ಸಭೆಯಲ್ಲಿ ವರದಿ ಓದುವ ಹೊತ್ತಿಗೆ, ನಾಲ್ಕನೇ ಕಲಮು ಇದ್ದ ಮೊದಲಿನ ಪ್ರತಿಯನ್ನು ತೆಗೆದೆ.

ಒಂದನೇ ಕಲಮು, ಪ್ರೊಜೆಕ್ಟರಿನ ಬಲ್ಬು: ಆಗಿದೆ. ಎರಡು, ಸಂಘದ ಪತ್ರಿಕೆಯ ಜೆರಾಕ್ಸು: ಆಗಿಲ್ಲ. ಮೂರು, ಒಂಬತ್ತನೇ ಮಿಷನ್ನಿನ ಗೋಪುರ ಮತ್ತೆ ಅಂಟಿಸುವುದು: ಆಗಿದೆ.

"ನಾಲ್ಕು. ಮನೆಗೆಲಸದವರಿಗೆ ಪಾಸ್‌ಪೋರ್ಟ್ ಹಿಂತಿರುಗಿಸಿ ಟಿಕೆಟ್ ಮಾಡಿಸುವುದು. ಹೊಣೆ, ಒಂದನೇ ಮಿಷನ್. ಅವಧಿ, ಈ ಸಭೆ."

ಟೀಚರ್ ಬೆರಳಿನ ಅಂಟು ಸುಲಿಯುತ್ತಿದ್ದರು. "ಮುಂದೆ ಓದು."

"ಉತ್ತರ ಬರೆಯಬೇಕು ಟೀಚರ್. ಆಗಿದೆಯಾ, ಆಗಿಲ್ಲವಾ?"

"ನೋಡು, ವಿಷಯ ಎಂತದ್ದು ಅಂದ್ರೆ..."

"ವಿವರಣೆ ಕೂಡದು!" ಎಂದದ್ದು ಹನ್ನೆರಡನೇ ಮಿಷನ್. ತಮಾಷೆಗೇ ಹೇಳಿದ್ದು. ಆದರೆ ಈ ಸಲ ಯಾರೂ ನಗಲಿಲ್ಲ, ಆತನ ನಗುವೂ ಅರ್ಧಕ್ಕೆ ನಿಂತಿತು. ನನ್ನ ಪೆನ್ನು ಕಾಗದದ ಮೇಲೆ ಇತ್ತು. ಟೀಚರ್ ಒಬ್ಬೊಬ್ಬರ ಮುಖ ನೋಡಿದರು. ಯಾರಾದರೂ ಒಬ್ಬರು "ಬಿಡಿ ಟೀಚರ್, ಮುಂದೆ ಹೋಗೋಣ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಅನ್ನಲಿಲ್ಲ.

ಟೀಚರ್ ಎದ್ದು ಒಳಗೆ ಹೋದರು. ಸ್ಟೀಲ್ ಕಪಾಟಿನ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಬಂದು ಪಾಸ್‌ಪೋರ್ಟನ್ನು ಅವಳ ಕೈಗೆ ಕೊಡದೆ ನನ್ನ ಪುಸ್ತಕದ ಮೇಲೆ ಎಸೆದರು.

"ಬರಿ. ಆಗಿದೆ. ಟಿಕೆಟು ಈ ವಾರದಲ್ಲಿ."

ನಾನೇ ಎತ್ತಿ ಅವಳಿಗೆ ಕೊಟ್ಟೆ. ಒಳಪುಟ ತೆರೆದು ತನ್ನ ಫೋಟೋ ನೋಡಿದಳು, ಏಪ್ರನ್ನಿನ ಜೇಬಿಗೆ ಹಾಕಿದಳು, ಹಾಲು ಉಕ್ಕುತ್ತಿದ್ದುದರಿಂದ ಅಡುಗೆಮನೆಗೆ ಓಡಿದಳು.

ಹೊರಡುವಾಗ ಟೀಚರ್ ಬಾಗಿಲಲ್ಲಿ ನಿಂತು ಹೇಳಿದರು: "ಒಳ್ಳೇ ಸೆಕ್ರೆಟರಿ ಆಗಿದ್ದಿ. ಇನ್ನು ಬರೋದು ಬೇಡ."

ಟಿಕೆಟು ಮಾಡಿಸಿದರು, ಮಾತು ತಪ್ಪಿದರು ಎನ್ನಲಾರೆ. ಎರಡು ಕಡೆ ವಿಮಾನ ಬದಲಿಸುವ, ಇಡೀ ದಿನ ಕಾಯಿಸುವ ಟಿಕೆಟು. ಮಗಳ ಪರಮಪ್ರಸಾದಕ್ಕೆ ಮೂರು ದಿನ ಮುಂಚೆ ಅವಳು ಊರು ಮುಟ್ಟಿದಳು. ಸಂಘದ ಪತ್ರಿಕೆಯಲ್ಲಿ "ನಮ್ಮವಳನ್ನು ಸಂತೋಷದಿಂದ ಬೀಳ್ಕೊಟ್ಟೆವು" ಎಂದು ಟೀಚರ್ ಬರೆದರಂತೆ. ನನ್ನನ್ನು ಇಗರ್ಜಿಯ ಮೆಟ್ಟಿಲಲ್ಲಿ ಕಂಡರೆ ಕಂಬವನ್ನು ನೋಡಿದಂತೆ ನೋಡಿ ಹೋಗುತ್ತಿದ್ದರು. ನನ್ನ ಗಂಡನ ಕೆಲಸಕ್ಕೆ ಏನೂ ಆಗಲಿಲ್ಲ; ಅದಕ್ಕೆ ಅವರ ದೊಡ್ಡತನ ಕಾರಣವೋ, ಆ ಮ್ಯಾನೇಜರಿಗೆ ವರ್ಗವಾದದ್ದು ಕಾರಣವೋ ನನಗೆ ತಿಳಿಯದು. ಮೂರು ವರ್ಷದ ಹಿಂದೆ ಟೀಚರ ಗಂಡನ ಕೆಲಸ ಮುಗಿದು ಇಬ್ಬರೂ ಊರಿಗೆ ಹೋದರು. ಸಂಘ ಅಲ್ಲಿಗೇ ನಿಂತಿತು.

ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದಂತೆ. ನನಗೆ ಬರೆಯಲು ಕಲಿಸಿದವರು ಅವರು, ಆ ಋಣ ಒಪ್ಪುತ್ತೇನೆ. ಕ್ಷಮೆಯ ಮಾತು ಬೇರೆ. ಅದನ್ನು ಕೊಡಬೇಕಾದವಳು ನಾನಲ್ಲ.

ನಿನ್ನೆ ಮಧ್ಯಾಹ್ನ ಮೂರಕ್ಕೆ ಅವಳಿಗೆ ಫೋನ್ ಮಾಡಿದೆ. ಅವಳ ಊರಲ್ಲಿ ಆಗಲೇ ರಾತ್ರಿ ಎಂಟು ಗಂಟೆ. ಸುದ್ದಿ ಹೇಳಿದೆ.

"ಇವತ್ತು ಅವರಿಗಾಗಿ ಪ್ರಾರ್ಥನೆ ಮಾಡುವುದಿಲ್ಲ, ಆತೆ. ನಾಳೆ ನೋಡುತ್ತೇನೆ."

"ನಾನೂ ಅಷ್ಟೇ."

"ಒಂದು ಮಾತು ಕೇಳಲಾ? ನಾನು ಅಡುಗೆಮನೆಯಲ್ಲಿ ನಿಮಗೆ ಹೇಳಿದ್ದು ಅಕ್ಟೋಬರಿನಲ್ಲಿ. ನೀವು ಓದಿದ್ದು ಮೇ ತಿಂಗಳಲ್ಲಿ. ನಡುವೆ ಆರು ಸಭೆ ಆಯಿತು. ಆರರಲ್ಲೂ ನೀವು ಇದ್ದಿರಿ."

"ಹೆದರಿಕೆ ಇತ್ತು" ಎಂದೆ.

"ಹೂಂ. ಹಾಗೇ ಅಂದುಕೊಂಡಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳು ಕರೆಯುತ್ತಿದ್ದಾಳೆಂದು ಫೋನ್ ಇಟ್ಟಳು.

ರಾತ್ರಿ ಗಂಜಿ, ಒಣಸಿಗಡಿ ಚಟ್ನಿ, ಮಗಳಿಗೆ ಖುಬ್ಬೂಸ್ ರೊಟ್ಟಿ ಮತ್ತು ಮೊಟ್ಟೆ. ನಾನು ಅರ್ಧ ಬಟ್ಟಲು ಉಂಡೆ. ಗಂಡ ಮೊದಲು ಮಲಗಿದರು, ಆಮೇಲೆ ಮಗಳು. ನಾನು ಮಲಗಿದ್ದು ಕೊನೆಗೆ.