ಬಿಸಿಬೇಳೆಬಾತಿನ ಪಾತ್ರೆಯೊಡನೆ ವರ್ಜೀನಿಯಾಕ್ಕೆ

ನಮ್ಮೂರು ಸುವಾನಿಯಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕಿತ್ತು. ಹೊರಟಾಗ ಒಂಬತ್ತೂವರೆ. ವರ್ಜೀನಿಯಾದ ಕನ್ನಡ ಸಂಘದವರು ನಮ್ಮ ನೆರೆಮನೆಯ ನಿವೃತ್ತ ಡಾಕ್ಟರನ್ನು ಭಾಷಣಕ್ಕೆ ಕರೆದಿದ್ದರು. ಡಾಕ್ಟರು ಸುಮ್ಮನೆ ಒಪ್ಪಿಕೊಳ್ಳಬಾರದೆ? “ಊಟದ ಯೋಚನೆ ಬಿಡಿ, ನಮ್ಮ ಹೆಂಗಸರನ್ನೇ ಕರ್ಕೊಂಡ್ ಬರ್ತೀನಿ” ಎಂದು ನಮ್ಮನ್ನು ಕೇಳದೆಯೇ ಮಾತು ಕೊಟ್ಟಿದ್ದರು. ನಾನು ಹೂಂ ಅಂದದ್ದು ಒಂದೇ ಕಾರಣಕ್ಕೆ: ಅಲ್ಲಿಯೇ ಇರುವ ನನ್ನ ಮೊಮ್ಮಗಳು ಅನಘಾ ಅದೇ ವೇದಿಕೆಯಲ್ಲಿ ಮೊದಲ ಸಲ ನೃತ್ಯ ಮಾಡುವವಳಿದ್ದಳು. ನಮ್ಮೂರ ಸಂಘದ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸವೆಸಿದ ನಾನು ಒಂದು ಕಾರ್ಯಕ್ರಮವನ್ನೂ ಕುಳಿತು ನೋಡಿದವಳಲ್ಲ. ಗೋಡೆಯಾಚೆಯ ಚಪ್ಪಾಳೆ ಕೇಳಿದವಳು, ಅಷ್ಟೇ.

ಡಾಕ್ಟರ ಹೆಂಡತಿ ಸುಮಿತ್ರಾ ಕಾರು ಓಡಿಸಿದಳು. ಹಿಂದಿನ ಸೀಟಿನಲ್ಲಿ ಸಂಘದ ದೊಡ್ಡ ಪಾತ್ರೆ, ಅದು ಬಿಟ್ಟುಕೊಟ್ಟ ಜಾಗದಲ್ಲಿ ನಾನು. ದಕ್ಷಿಣ ಕೆರೊಲಿನಾದ ಉದ್ದಕ್ಕೂ ಮಳೆ, ಟ್ರಕ್ಕುಗಳು, ಡಾಕ್ಟರ ಭಾಷಣದ ತಾಲೀಮು. ವಿಷಯ, ಮಧ್ಯಯುಗದ ಯೂರೋಪಿನ ಪ್ಲೇಗು. ಕಾಫಿಗೆ ನಿಲ್ಲಿಸಿ ಎಂದರೆ “ಇದೊಂದು ಪಾಯಿಂಟ್ ಮುಗೀಲಿ” ಎನ್ನುತ್ತಿದ್ದರು. ಊರೂರುಗಳೇ ಖಾಲಿಯಾದವಂತೆ. ಪೈರು ನಿಂತಿದೆ, ಕೊಯ್ಯುವ ಕೈಯಿಲ್ಲ. ಬದುಕುಳಿದ ಆಳುಗಳು ಹೆಚ್ಚು ಕೂಲಿ ಕೇಳಿದರು. ಹಳೇ ಕೂಲಿಗೇ ದುಡಿಯಿರಿ ಎಂದು ಇಂಗ್ಲೆಂಡಿನ ದೊರೆ ಕಟ್ಟಳೆ ಮಾಡಿದ. ಅವರು ಸದ್ದಿಲ್ಲದೆ ಪಕ್ಕದ ಜಮೀನ್ದಾರನ ಹೊಲಕ್ಕೆ ನಡೆದರು.

“ಶಭಾಷ್ ಅನ್ಬೇಕು ಅವ್ರಿಗೆ!” ಎಂದರು ಡಾಕ್ಟರು.

ರಾತ್ರಿ ತಂಗಿದ್ದು ನಡುದಾರಿಯ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಹತ್ತಿರ, ನಾಗರತ್ನಳ ಮನೆಯಲ್ಲಿ. ಸುವಾನಿಯಲ್ಲಿದ್ದಾಗ ನಮ್ಮೊಡನೆ ಅಡುಗೆಗೆ ನಿಲ್ಲುತ್ತಿದ್ದವಳು. ಬೆಳಿಗ್ಗೆ ಅವಳೂ ಹೊರಡಬೇಕಿತ್ತು.

“ನಾನು ಬರಲ್ಲ ಅಕ್ಕ. ಕೊರೋನಾದಲ್ಲಿ ಸಂಘದ ಅಡುಗೆ ನಿಂತಾಗಲೇ ಗೊತ್ತಾಯ್ತು, ವೀಕೆಂಡ್ ಅಂದ್ರೆ ಹೇಗಿರುತ್ತೆ ಅಂತ.”

ಡಾಕ್ಟರು ಕೆಂಡವಾದರು. “ಮುಂಚೆ ಎಂಟು ಜನ ಇದ್ರಿ. ಈಗ ಯಾರಿಗೂ ಸೇವಾಭಾವನೇ ಇಲ್ಲ!”

“ಪದ್ಮಕ್ಕನ್ನೂ ಸೇರಿಸಿ ಬೈತಿದೀರಾ?” ಎಂದಳು ಸುಮಿತ್ರಾ. ಎಂಟರಲ್ಲಿ ಪದ್ಮಕ್ಕ ಕೊರೋನಾದಲ್ಲೇ ತೀರಿಕೊಂಡಿದ್ದರು. ಡಾಕ್ಟರು ಭಾಷಣದ ಹಾಳೆ ಮಡಚಿಟ್ಟರು, ವರ್ಜೀನಿಯಾದ ರಿಚ್ಮಂಡ್ ಬರುವವರೆಗೆ. ಆಮೇಲೆ ಮತ್ತೆ ದೊರೆ, ಮತ್ತೆ ಕಟ್ಟಳೆ.

ಅಲ್ಲಿಂದ ಮುಂದೆ ಟ್ರಾಫಿಕ್ಕು ನಮ್ಮ ಜೀವ ಹಿಂಡಿತು. ಹಾಲ್ ತಲುಪಿ, ಮೂವರ ಕೆಲಸವನ್ನು ಸುಮಿತ್ರಾ, ನಾನು ಇಬ್ಬರೇ ಮಾಡಿದೆವು. ಡಾಕ್ಟರು ಒಗ್ಗರಣೆಗೆ ಸಲಹೆ ಕೊಟ್ಟರು. ಬಾತ್ ಕುದಿಯುತ್ತಿದ್ದಾಗ ಗೆಜ್ಜೆ ಕಟ್ಟಿಕೊಂಡ ಅನಘಾ ಬಾಗಿಲಿಗೆ ಬಂದಳು.

“ಅಜ್ಜಿ, ಐ ಆಮ್ ನೆಕ್ಸ್ಟ್! ನೀನು ನೋಡಲ್ವಾ?”

ನಾನು ಸೌಟನ್ನು ಡಾಕ್ಟರ ಕೈಗೆ ಕೊಟ್ಟೆ.

“ಏನ್ ಸರೋಜಮ್ಮ ಇದು? ನಾನು ಗೆಸ್ಟ್ ಸ್ಪೀಕರ್!”

“ನಾನು ಪಕ್ಕದ ಹೊಲಕ್ಕೆ ಹೊರಟೆ ಡಾಕ್ಟ್ರೇ. ತಿರುಗಿಸ್ತಾ ಇರಿ, ತಳ ಹಿಡಿಯತ್ತೆ.”

ಸುಮಿತ್ರಾ ಕೈ ಒರೆಸಿಕೊಂಡು ನನ್ನ ಹಿಂದೆಯೇ ಬಂದಳು.

ಮೂರನೆಯ ಸಾಲಿನಲ್ಲಿ ಕುಳಿತೆವು. ಅನಘಾ ಒಂದು ಹೆಜ್ಜೆ ತಪ್ಪಿದಳು, ನನ್ನನ್ನು ನೋಡಿ ನಕ್ಕಳು, ಮತ್ತೆ ತಾಳಕ್ಕೆ ಬಂದಳು. ಗೋಡೆಯ ಈಚೆಗೆ ಚಪ್ಪಾಳೆ ಇಷ್ಟು ಜೋರಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬಳಿಕ ಡಾಕ್ಟರು ವೇದಿಕೆ ಹತ್ತಿದರು, ಅಂಗಿಯ ಮೇಲೆ ಅರಿಸಿನದ ಕಲೆ. ಆಳುಗಳು ಹೊಲ ಬಿಟ್ಟುಹೋದ ಭಾಗಕ್ಕೆ ಬಂದಾಗ ನಮ್ಮತ್ತ ನೋಡಿ ಕೆಮ್ಮಿದರು. ಶಭಾಷ್ ಅನ್ನಲಿಲ್ಲ.

ಮರಳುವಾಗ ಪಾತ್ರೆ ಮತ್ತೆ ನನ್ನ ಪಕ್ಕದಲ್ಲಿ, ತಳದಲ್ಲಿ ಸೀದ ಬಾತಿನ ಕರಕಲು.

“ಇದನ್ನ ಯಾರು ಉಜ್ಜೋದು?” ಎಂದರು ಡಾಕ್ಟರು.

ಸುಮಿತ್ರಾ ರಸ್ತೆ ನೋಡಿದಳು. ನಾನು ಕಿಟಕಿಯಾಚೆ ನೋಡಿದೆ. ಸುವಾನಿ ಇನ್ನೂ ಆರುನೂರು ಮೈಲಿ ಇತ್ತು. ಯೋಚಿಸಲು ಅವರಿಗೆ ಬೇಕಾದಷ್ಟು ಸಮಯವಿತ್ತು.