ಅಗ್ನಿಮೂಲೆಯ ಜನರೇಟರ್

ಅಥವಾ ಆ ಪಟ್ಟಿಯ ಮೊದಲ ಸಾಲು ದೊಡ್ಡಮ್ಮನ ಆಕ್ಸಿಜನ್ ಮಷೀನ್ ಆಗಿರಲೇ ಇಲ್ಲವೇನೋ. ಆಗಿತ್ತು ಎಂದು ಹುಣಸೂರಿನ ಅರ್ಧ ಜನಕ್ಕೆ ಹೇಳಿಕೊಂಡು ಬಂದಿದ್ದೇನೆ. ಮನೆಗೆ ಗ್ಯಾಸ್ ಜನರೇಟರ್ ಹಾಕಿಸಲು ಎಷ್ಟಾದೀತು ಎಂದು ಮದುವೆ ಕಾರ್ಡೊಂದರ ಬೆನ್ನಿಗೆ ಆ ಪಟ್ಟಿ ಬರೆದವನು ನಾನೇ. ಕಾರ್ಡು ಈಗ ಸಿಗುತ್ತಿಲ್ಲ. ಕಳೆದುಹೋದ ಕಾಗದಗಳಲ್ಲಿ ನಾವೆಲ್ಲ ಒಳ್ಳೆಯವರೇ ಆಗಿರುತ್ತೇವೆ.

ದೊಡ್ಡಮ್ಮ ವರ್ಷಗಟ್ಟಲೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟಿದವಳು. ಆ ಹೊಗೆ ಈಗ ಅವಳ ಎದೆಯೊಳಗೆ ಬಾಡಿಗೆ ಕೊಡದೆ ಕೂತಿದೆ. ದಿನದ ಬಹುಪಾಲು ಮೂಗಿಗೆ ನಳಿಕೆ. ಕರೆಂಟು ಹೋದರೆ ಮಷೀನು ನಿಲ್ಲುತ್ತದೆ. ಯುಪಿಎಸ್ಸು ಒಂದು ಗಂಟೆ ಎಳೆದು ಕೈಚೆಲ್ಲುತ್ತದೆ. ಹಾಗಾಗಿ ಜನರೇಟರ್, ಹಾಗಾಗಿ ಬಜೆಟ್.

ಅರ್ಥಶಾಸ್ತ್ರದವರು ಏನೇ ಹೇಳಲಿ, ನಮ್ಮ ಕಡೆ ಬಜೆಟ್ ಎಂದರೆ ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಆಮೇಲೆ ಹುಡುಕುವ ಸಾಕ್ಷಿ. ಜನರೇಟರಿಗೊಂದು ಕಟ್ಟೆ ಬೇಕು. ಸಿಮೆಂಟಿನದು ಸಾಕು, ಆದರೆ ರಸ್ತೆಗೆ ಕಾಣುತ್ತದಲ್ಲ, ಗ್ರಾನೈಟೇ ಆಗಲಿ. ಗ್ರಾನೈಟಿನ ಮೇಲೆ ಬರೀ ತಗಡಿನ ಮಾಡು ಅವಮಾನ. ಕಬ್ಬಿಣದ ಕಮಾನು, ಅದಕ್ಕೆ ಬಂಗಾರದ ಬಣ್ಣ. ಪೂಜೆಗೆ ಬೂದುಗುಂಬಳ, ಪುರೋಹಿತರಿಗೆ ಪಂಚೆ, ಬೀದಿಯವರಿಗೆ ಕೇಸರಿಬಾತು. ಹೊಗೆಯನ್ನು ದೂರ ಒಯ್ಯುವ ಪೈಪಿನ ಸರದಿ ಬರುವಷ್ಟರಲ್ಲಿ ಕಾರ್ಡು ತುಂಬಿಹೋಗಿತ್ತು.

ಫಿಟ್ ಮಾಡಲು ಬಂದ ಮೆಕ್ಯಾನಿಕ್ ಪಿರಿಯಾಪಟ್ಟಣದ ಕಡೆಯವನು, ಮಾತು ಕಡಿಮೆ. ಕಟ್ಟೆ ನೋಡಿದ, ಅದರ ಮೇಲಿನ ಕಿಟಕಿ ನೋಡಿದ. ಅದು ದೊಡ್ಡಮ್ಮನ ಕೋಣೆಯ ಕಿಟಕಿ.

"ಇಲ್ಲಿ ಬ್ಯಾಡ ಕಣ್ರೀ. ಹೊಗೆಯೆಲ್ಲ ಒಳಿಕ್ಕೇ ಬತ್ತದೆ. ಹಿತ್ಲಿಗೆ ಆಕುಸ್ಕಳಿ."

ದೊಡ್ಡಮ್ಮನ ಮಗ ನಾಗರಾಜ ನಕ್ಕ. "ಬೆಂಕಿ ಐಟಂ ಅಲ್ವೇನಪ್ಪಾ? ಅಗ್ನಿಮೂಲೆ ಬುಟ್ಟು ಇನ್ನೆಲ್ಲಿಗ್ ಆಕಾಣ?"

ನಾನೂ ತಲೆಯಾಡಿಸಿದೆ. ನಾಗರಾಜನಿಗೆ ಮೂಲೆಗಳ ವಿಷಯ ತಿಳಿಸಿದ್ದು ಪುರೋಹಿತರೆಂದು ನನ್ನ ನೆನಪು. ನಾನೇ ಎಂದು ನನ್ನ ಹೆಂಡತಿಯ ನೆನಪು. ಎರಡನ್ನೂ ನಾನು ನಂಬುವುದಿಲ್ಲ. ಶಾಸ್ತ್ರದ ಪ್ರಕಾರ ಆಗ್ನೇಯ ಬೆಂಕಿಯದು, ಅದಕ್ಕೆ ನೇರ ಎದುರಿನ ವಾಯವ್ಯ ಗಾಳಿಯದು. ಎಂಟು ದಿಕ್ಕುಗಳಿಗೆ ಎಂಟು ದೇವತೆಗಳನ್ನು ಕೂರಿಸಿದ ಹಿರಿಯರು ಹೊಗೆಗೊಂದು ಮೂಲೆ ಕೊಟ್ಟಿಲ್ಲ. ಬೆಂಕಿ ಅಲ್ಲಿ, ಗಾಳಿ ಇಲ್ಲಿ, ಹೊಗೆ ಗೌರವದಿಂದ ಹಾದುಹೋಗಲಿ ಎಂದುಕೊಂಡಿದ್ದರೇನೋ. ಆದರೆ ಹೊಗೆಗೆ ಸಂಸ್ಕೃತ ಬರುವುದಿಲ್ಲ.

ಪೂಜೆಯ ದಿನ ಐದು ನಿಮಿಷ ಓಡಿಸಿ, ಚಪ್ಪಾಳೆ ತಟ್ಟಿ ನಿಲ್ಲಿಸಿದೆವು. ನಿಜವಾಗಿ ಕರೆಂಟು ಹೋದದ್ದು ಮುಂದಿನ ವಾರ, ಊಟದ ಹೊತ್ತಿಗೆ. ಜನರೇಟರ್ ಚಾಲೂ ಆಯಿತು, ಗೇಟಿನ ದೀಪಗಳೂ ಹಗಲಲ್ಲೇ ಉರಿದವು, ಆಕ್ಸಿಜನ್ ಮಷೀನೂ ಓಡಿತು. ಆ ಮಷೀನು ಕೋಣೆಯ ಗಾಳಿಯನ್ನೇ ಎಳೆದು ಮೂಗಿಗೆ ಕೊಡುವಂಥದ್ದು. ಕೋಣೆಯಲ್ಲಿ ಆಗ ಇದ್ದದ್ದು ಜನರೇಟರಿನ ಹೊಗೆ. ನಾವು ತಟ್ಟೆ ಬಿಟ್ಟು ಓಡಿದಾಗ ದೊಡ್ಡಮ್ಮ ಮಂಚದ ಅಂಚು ಹಿಡಿದು ಬಗ್ಗಿ ಕೆಮ್ಮುತ್ತಿದ್ದಳು. ನಾಗರಾಜ ಕಿಟಕಿ ಮುಚ್ಚಿ, ಕರೆಂಟು ಹೋದಾಗಲೆಲ್ಲ ಮುಚ್ಚಿಕೊಂಡಿರು ಎಂದ. ಅವಳು ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಬ್ಯಾರನ್ ತಾವ ಆಗಿದ್ರೆ ಎದ್ದು ಆಚೆಗಾದ್ರೂ ಬತ್ತಿದ್ದೆ ಕಣ್ಲಾ," ಎಂದಳು.

ಇಷ್ಟು ಕೇಳಿದ ಮೇಲೆ ಯಾರಾದರೂ ಜನರೇಟರನ್ನು ಹಿತ್ತಿಲಿಗೆ ಸಾಗಿಸುತ್ತಾರೆ. ನಾವು ದೊಡ್ಡಮ್ಮನನ್ನು ಸಾಗಿಸಿದೆವು. ಗ್ರಾನೈಟ್ ಕೀಳಬೇಕು, ಕಮಾನು ಕತ್ತರಿಸಬೇಕು, ಪೂಜೆ ಬೇರೆ ಆಗಿದೆ. ದೊಡ್ಡಮ್ಮನಿಗಾದರೆ ಮಂಚವೊಂದನ್ನು ಎತ್ತಿದರೆ ಮುಗಿಯಿತು. ಹಜಾರದ ಟೀವಿ ಪಕ್ಕ, ಬಂದು ಹೋಗುವವರೆಲ್ಲರ ಕಣ್ಣೆದುರಿಗೆ ಅವಳ ಹಾಸಿಗೆ. ಮಂಚದ ನಾಲ್ಕನೆಯ ಕಾಲು ಹಿಡಿದವನು ನಾನು, ಅದು ಮಾತ್ರ ಖಚಿತ. ಅವಳನ್ನು ಒಂದು ಮಾತು ಕೇಳಿದೆವೇ? ನಾಗರಾಜ ಕೇಳಿದೆ ಎನ್ನುತ್ತಾನೆ.

ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಮಾತು ವಾರಕ್ಕೊಮ್ಮೆ ಎದ್ದು ಮಲಗುತ್ತದೆ. ಹೊಗೆ ಹಜಾರದವರೆಗೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕರೆಂಟು ಹೋದಾಗ ದೊಡ್ಡಮ್ಮ ಗೋಡೆಯ ಕಡೆ ತಿರುಗಿ, ಸೆರಗು ಬಾಯಿಗೊತ್ತಿ ಮಲಗುತ್ತಾಳೆ. ಅವಳಿಗೆ ಕೆಮ್ಮು ಕಡಿಮೆಯಾಗಿದೆಯೋ, ನಮ್ಮೆದುರು ಕೆಮ್ಮುವುದನ್ನು ಬಿಟ್ಟಿದ್ದಾಳೋ, ನನಗೆ ಗೊತ್ತಿಲ್ಲ.