ಕೆಂಪು ಕೊರಕಲಿನಲ್ಲಿ ಅತ್ತೆ ಸೊಸೆ

ಆ ಊರಿನ ಲಾಂಡ್ರಿಯಲ್ಲಿ ದುಡಿಯುವವರಿಗೆ ಕೆಂಪು ಬಣ್ಣ ಕಂಡರೆ ಆಗುತ್ತಿರಲಿಲ್ಲ. ಊರಾಚೆಯ ಮರುಭೂಮಿಯಲ್ಲಿ ಕೆಂಪು ಬಂಡೆಗಳ ಕಣಿವೆಯೊಂದಿತ್ತು. ದೂರದೂರದ ಜನ ಸಂಸಾರ ಸಮೇತ ಬಂದು, ಅದರೊಳಗೆ ನಡೆದಾಡಿ, ಸಂಜೆ ಹೋಟೆಲಿಗೆ ಮರಳಿ, ಮೈಗಂಟಿದ ಧೂಳನ್ನೆಲ್ಲ ಬಿಳಿಯ ಹಾಸಿಗೆಗೆ ಮೆತ್ತಿ ಹೋಗುತ್ತಿದ್ದರು. ಆ ಬೆಡ್‌ಶೀಟು, ಟವೆಲುಗಳೆಲ್ಲ ರಾಶಿರಾಶಿಯಾಗಿ ಲಾಂಡ್ರಿಗೆ ಬಂದು ಬೀಳುತ್ತಿದ್ದವು. ಬಂದವರು ಕಣಿವೆ ಎಂದು ಹಾಡಿ ಹೊಗಳುತ್ತಿದ್ದುದನ್ನು ಊರಿನವರು ಬರೀ ಕೊರಕಲು ಅನ್ನುತ್ತಿದ್ದರು.

ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳು ನಿಲ್ಲುತ್ತಿದ್ದ ಜಾಗ ಮೊದಲು ಅವಳ ಅತ್ತೆಯದು. ಅತ್ತೆ ಒಮ್ಮೆ ಒದ್ದೆ ನೆಲದಲ್ಲಿ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡಾಗ, ನೀರಿನ ಟ್ಯಾಂಕರ್ ಓಡಿಸುವ ಮಗ ಊಟಕ್ಕೆ ಕೂತಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ. "ಸಾಕಮ್ಮ ನೀನು ದುಡಿದಿದ್ದು. ನಿನ್ನ ಜಾಗಕ್ಕೆ ಇವಳು ಹೋಗ್ತಾಳೆ." ಇಬ್ಬರೂ ತಲೆಯಾಡಿಸಿದರು. ಸೊಸೆ ಮದುವೆಗೆ ಮೊದಲು ಟೈಲರ್ ಅಂಗಡಿಯೊಂದರಲ್ಲಿ ಹೊಲಿಗೆ ಕಲಿತವಳು. ಅವಳ ಹೊಲಿಗೆ ಯಂತ್ರ ಕಿಟಕಿಯ ಕೆಳಗೆ ಮುಸುಕು ಹೊದ್ದುಕೊಂಡಿತು. ಕ್ರಮೇಣ ಅದರ ಮೇಲೆ ಇಸ್ಕೂಲಿನ ಚೀಲ, ಛತ್ರಿ, ಔಷಧಿ ಬಾಟಲಿಗಳು ಬಂದು ಕೂತವು.

ಅಂದಿನಿಂದ ಒಂದು ವಿಚಿತ್ರ ಶುರುವಾಯಿತು. ಮನೆಯಲ್ಲಿ ಸೊಸೆ ಮಡಚಿಟ್ಟ ಬಟ್ಟೆಯನ್ನೆಲ್ಲ ಅತ್ತೆ ಕೊಡವಿ ಬಿಡಿಸಿ ಮತ್ತೆ ಮಡಚುತ್ತಿದ್ದಳು. ಒಂದು ಮಾತಿಲ್ಲ, ಕತೆಯಿಲ್ಲ. ಅಡುಗೆಮನೆಯಲ್ಲಿದ್ದ ಸೊಸೆಗೆ ಪಕ್ಕದ ಕೋಣೆಯಿಂದ ಬಟ್ಟೆ ಕೊಡವುವ ಸದ್ದು ಕೇಳಿದಾಗೆಲ್ಲ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಬಾಯಿಬಿಟ್ಟು ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಬೈಗುಳವಿಲ್ಲದ ಮನೆಯಲ್ಲಿ ಜಗಳ ತೆಗೆಯುವುದಾದರೂ ಹೇಗೆ? ಅಕ್ಕಪಕ್ಕದವರಂತೂ, ಅತ್ತೆ ಸೊಸೆ ಅಂದರೆ ಹೀಗಿರಬೇಕು ಎಂದು ಹೊಗಳುತ್ತಿದ್ದರು.

ಆ ಬೇಸಿಗೆ ರಜೆಯಲ್ಲಿ ಲಾಂಡ್ರಿಯ ಬಾಯ್ಲರ್ ಕೆಟ್ಟಿತು. ಬಿಡಿಭಾಗ ಬರುವತನಕ ಎಲ್ಲರಿಗೂ ರಜ. ಮಗಳು ಚಿಲ್ಟು ಇದನ್ನೇ ಕಾದಿದ್ದವಳ ಹಾಗೆ ಅಮ್ಮನಿಗೆ ಗಂಟುಬಿದ್ದಳು. "ನಮ್ಮ ಕ್ಲಾಸಲ್ಲಿ ಕೊರಕಲು ನೋಡ್ದೇ ಇರೋಳು ನಾನೊಬ್ಬಳೇ ಅಮ್ಮ. ಎಲ್ರೂ ನಗ್ತಾರೆ."

"ಆ ಧೂಳು ದಿನಾ ತೊಳೆಯೋದು ಸಾಲ್ದು ಅಂತ ಹೋಗಿ ಬೇರೆ ನೋಡ್ಬೇಕಾ?" ಎಂದಳು ಅಮ್ಮ.

"ನೋಡೋಣ ಬಿಡು," ಎಂದು ಅತ್ತೆ ಒಳಗಿಂದಲೇ ಹೇಳಿದಳು. "ಇಷ್ಟು ವರ್ಷ ಅನ್ನ ಹಾಕಿದ ಧೂಳು ಎಲ್ಲಿಂದ ಬರುತ್ತೆ ಅಂತ ನಾನೂ ನೋಡ್ತೀನಿ."

ಮರುದಿನ ಬೆಳಿಗ್ಗೆ ಮಗ ಮೂವರನ್ನೂ ಟ್ಯಾಂಕರಿನ ಮುಂದಿನ ಸೀಟಿನಲ್ಲಿ ಒತ್ತಿ ಕೂರಿಸಿಕೊಂಡು ಕೊರಕಲಿನ ಬಾಯಿಗೆ ಬಿಟ್ಟುಹೋದ. ಅಲ್ಲೊಂದು ಫಲಕ: ಸಮತಟ್ಟು ದಾರಿ, ಮಕ್ಕಳಿಗೂ ಹಿರಿಯರಿಗೂ ಸುಲಭ. ಚಿಲ್ಟು ಅದನ್ನು ಗಟ್ಟಿಯಾಗಿ ಓದಿದಳು.

"ಹಿರಿಯರು ಅಂದ್ರೆ ಯಾರು? ನಿಮ್ಮಮ್ಮ ಇರ್ಬೇಕು," ಎಂದು ಅತ್ತೆ ಊರುಗೋಲು ಬೀಸುತ್ತ ಮುಂದೆ ನಡೆದಳು.

ದಾರಿ ನಿಜಕ್ಕೂ ಸುಲಭವಾಗಿತ್ತು. ಕಾಲಡಿ ಮೆತ್ತನೆಯ ಮರಳು. ಎರಡೂ ಬದಿ ಮೊದಲು ಮಂಡಿಯೆತ್ತರದ ಬಂಡೆ, ಆಮೇಲೆ ಆಳೆತ್ತರ, ಆಮೇಲೆ ತಲೆಯೆತ್ತಿ ನೋಡಬೇಕಾದ ಗೋಡೆ. ಒಂದು ಕಡೆ ಇಟ್ಟಿಗೆಯ ಕೆಂಪು, ಇನ್ನೊಂದು ಕಡೆ ಹಣ್ಣಾದ ಕುಂಬಳದ ಬಣ್ಣ. ಯಾವ ಕಾಲದ ನೀರೋ ಹರಿದು ಬಂಡೆಯ ಮೈ ನಯವಾಗಿತ್ತು. ಸೊಸೆ ಅಂಗೈ ಇಟ್ಟು ನೋಡಿದಳು. ಹೊರಗೆ ಅಷ್ಟು ಬಿಸಿಲಿದ್ದರೂ ಬಂಡೆ ತಣ್ಣಗಿತ್ತು. ಇದು ಇಷ್ಟು ಚೆಂದ ಇದೆ ಅಂತ ಯಾರೂ ಹೇಳಲೇ ಇಲ್ಲವಲ್ಲ ಅಂದುಕೊಂಡಳು. ಹೇಳಿದ್ದರು; ಇವಳು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಂದು ತಿರುವಿನಾಚೆ ಎರಡು ಗೋಡೆಗಳೂ ಹತ್ತಿರ ಬಂದು, ಒಬ್ಬರ ಹಿಂದೊಬ್ಬರು ಹೋಗುವಷ್ಟೇ ಜಾಗ ಉಳಿಯಿತು. ಬೆಳಕು ಮಂಕಾಯಿತು. ಚಿಲ್ಟು ಪುರ್ರನೆ ಓಡಿ ಆಚೆ ಬದಿಯಿಂದ "ಅಜ್ಜೀ!" ಎಂದು ಕೂಗಿದಳು, ಗೋಡೆಗಳೂ ಕೂಗಿದವು. ಸೊಸೆ ನಾಲ್ಕು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಎದೆ ಡವಗುಟ್ಟಿತು. ಹಾಗೇ ಕುಸಿದು ಮರಳಿನ ಮೇಲೆ ಕೂತಳು.

"ಏನಾಯ್ತೇ?" ಮುಂದಿದ್ದ ಅತ್ತೆ ತಿರುಗಿ ಬಂದಳು.

"ಆಗ್ತಿಲ್ಲ ಅತ್ತೆ. ಗೋಡೆ ಮೈಮೇಲೆ ಬಂದ ಹಾಗೆ ಆಗ್ತಿದೆ."

"ಇಷ್ಟು ಕಾಲ ಬೀಳದ ಗೋಡೆ ಇವತ್ತು ನೀನು ಬಂದೆ ಅಂತ ಬೀಳುತ್ತಾ? ಅಷ್ಟು ದೊಡ್ಡ ಮನುಷ್ಯಳಾ ನೀನು?"

ಸೊಸೆಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. "ಇಸ್ತ್ರಿ ಕೋಣೇಲೂ ಹೀಗೇ ಆಗುತ್ತೆ," ಎಂದಳು. "ಕಿಟಕಿ ಇಲ್ಲ, ಹಬೆ, ಬಾಗಿಲು ಬೇರೆ ಮುಚ್ಚಿರ್ತಾರೆ. ದಿನಾ ಹೀಗೇ."

ಅತ್ತೆ ಮಂಡಿ ನೋವನ್ನೂ ಮರೆತು ಎದುರಿಗೇ ಕೂತಳು. "ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಅಷ್ಟು ವರ್ಷ ನೀವು ಮಾಡಿದ ಕೆಲ್ಸ. ನನ್ನ ಕೈಲಾಗಲ್ಲ ಅಂತ ಹೇಗೆ ಹೇಳ್ಲಿ? ಮೊದಲೇ ನಾನು ಮಡಚಿದ ಒಂದು ಕರ್ಚೀಫೂ ನಿಮಗೆ ಸರಿಹೋಗಲ್ಲ."

ಅತ್ತೆ ಮರಳಿನಲ್ಲಿ ಊರುಗೋಲಿನಿಂದ ಗೀರುತ್ತ ಕೂತಳು.

"ನೀನು ಮಡಚೋದು ಸರಿಯಾಗೇ ಇದೆ," ಎಂದಳು ಕೊನೆಗೆ. "ನನಗೆ ಹೊಟ್ಟೆಕಿಚ್ಚು. ಬೆಳಿಗ್ಗೆ ಎದ್ದು ನೀನು ಹೋಗ್ತೀಯ, ಅಲ್ಲಿ ನಾಲ್ಕು ಜನ ಇರ್ತಾರೆ, ಮಾತು ನಗು ಎಲ್ಲ ಇರುತ್ತೆ. ನಾನು ಗೋಡೆ ನೋಡ್ಕೊಂಡು ಕೂತಿರ್ಬೇಕು. ನನ್ನ ಜಾಗ ನಿನಗೆ ಬೇಕಿತ್ತು, ಗಂಡನ ಕೈಲಿ ಹೇಳಿಸ್ದೆ ಅಂತ ತಿಳ್ಕೊಂಡಿದ್ದೆ."

"ನನಗಾ? ನೀವೇ ಸುಸ್ತಾಗಿ ಬಿಟ್ರಿ ಅಂತ ನಾನು..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಚೆಯಿಂದ ಚಿಲ್ಟು, "ಇಬ್ರೂ ಎಲ್ಲಿ ಸತ್ರಿ?" ಎಂದು ಕೂಗಿದಳು. ಅತ್ತೆ ಎದ್ದು ತನ್ನ ಮೊಣಕೈಯನ್ನು ಹಿಂದಕ್ಕೆ ಚಾಚಿದಳು. "ಹಿಡ್ಕೋ. ಬೇಕಾದ್ರೆ ಕಣ್ಣು ಮುಚ್ಕೋ. ನಾನು ಬಿಡಲ್ಲ."

ಆಚೆ ಬದಿ ದಾರಿ ಬಾಣಲೆಯಂಥ ಬಯಲಿಗೆ ತೆರೆದುಕೊಂಡಿತು. ಮೇಲೆ ನೀಲಿ ಆಕಾಶ, ಸುತ್ತ ಬುತ್ತಿ ಬಿಚ್ಚಿದ ಸಂಸಾರಗಳು. ಇವರೂ ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದರು. ಎದುರಿಗೆ ದಪ್ಪನೆಯ ಯಜಮಾನರೊಬ್ಬರು ಬಿಳಿ ಟವೆಲನ್ನು ಕೆಮ್ಮಣ್ಣಿನ ಮೇಲೆ ಹಾಸಿ ಆರಾಮಾಗಿ ಕೂತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ.

"ಸ್ವಲ್ಪ ಏಳ್ತೀರಾ? ಆ ಟವೆಲು ನಮ್ಮದು."

ಅವರು ಕಕ್ಕಾಬಿಕ್ಕಿಯಾದರು. "ಇಲ್ಲಮ್ಮಾ, ಇದು ಹೋಟೆಲಿನದು."

"ಅದೇ ಅಂದೆ, ನಮ್ಮದು."

ಸೊಸೆ ಕೈಯಲ್ಲಿದ್ದ ಕಿತ್ತಳೆ ಉರುಳಿಹೋಗುವಷ್ಟು ನಕ್ಕಳು. ಅತ್ತೆಯ ಎದುರು ಅವಳು ಹಾಗೆ ನಕ್ಕದ್ದು ಅದೇ ಮೊದಲು. ಮರಳುವಾಗಲೂ ಅದೇ ಇಕ್ಕಟ್ಟಿನಲ್ಲಿ ಹಾದು ಬರಬೇಕಿತ್ತು. ಭಯ ಎಲ್ಲಿಯೂ ಹೋಗಿರಲಿಲ್ಲ. ಎದೆ ಮತ್ತೆ ಹೊಡೆದುಕೊಂಡಿತು. ಆದರೆ ಈ ಸಲ ಅದನ್ನು ಬಚ್ಚಿಡುವ ಕೆಲಸವಿರಲಿಲ್ಲ. ಹೆದರಿಕೆಯಲ್ಲಿ ಅರ್ಧ ಭಾರ ಬಚ್ಚಿಡುವುದರದೇ ಎಂದು ಅವಳಿಗೆ ಆಗ ಅನ್ನಿಸಿತು.

ಸಂಜೆ ಟ್ಯಾಂಕರಿನಲ್ಲಿ ವಿಷಯ ಕೇಳಿದ ಮಗ ಸ್ಟೇರಿಂಗ್ ಹಿಡಿದೇ ಬೆರಗಾದ. "ಅವತ್ತು ಇಬ್ರೂ ಒಪ್ಪಿದ್ರಲ್ಲ?"

"ನೀನು ಕೇಳಿದ್ದೆಲ್ಲಿ?" ಎಂದರು ಇಬ್ಬರೂ ಒಟ್ಟಿಗೇ.

ಬಾಯ್ಲರ್ ಸರಿಯಾದ ದಿನ ಸೊಸೆಯ ಜತೆ ಅತ್ತೆಯೂ ಲಾಂಡ್ರಿಗೆ ಹೋಗಿ ಮ್ಯಾನೇಜರ್ ಎದುರು ಕೂತಳು. ಹಳೆಯ ಮುಲಾಜು, ಆತ ಬೇಗ ಒಪ್ಪಿಕೊಂಡ. ಹರಿದ ಬೆಡ್‌ಶೀಟುಗಳನ್ನು ಹೊಲಿಯುವ ಕೆಲಸ ಸೊಸೆಗೆ ಸಿಕ್ಕಿತು. ಮುಸುಕು ತೆಗೆದ ಯಂತ್ರವನ್ನು ಲಾಂಡ್ರಿಯ ಹಿಂದಿನ ಜಗಲಿಯಲ್ಲಿ, ಗಾಳಿ ಬೆಳಕು ಬರುವಲ್ಲಿ ಇಟ್ಟುಕೊಂಡಳು. ಅತ್ತೆಗೆ ಬಾಗಿಲ ಬಳಿ ಎತ್ತರದ ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಚುವ ಅರ್ಧ ದಿನದ ಕೆಲಸ.

ವಾರ ಕಳೆಯುವಷ್ಟರಲ್ಲಿ ಮಡಚುವ ಹುಡುಗಿಯರು ಗುಂಪಾಗಿ ಜಗಲಿಗೆ ಬಂದರು. "ಅಕ್ಕಾ, ನಿಮ್ಮತ್ತೆಗೆ ಸ್ವಲ್ಪ ಹೇಳಿ. ಅಂಚಿಗೆ ಅಂಚು ಕೂರದಿದ್ರೆ ಎಲ್ಲಾ ಬಿಚ್ಚಿಸಿ ಮತ್ತೆ ಮಾಡಿಸ್ತಾರೆ."

ಸೊಸೆ ಸೂಜಿಗೆ ದಾರ ಪೋಣಿಸುತ್ತಿದ್ದಳು. "ನೀವೇ ಕೇಳಿ. ಬಾಯಿಬಿಟ್ಟು ಕೇಳಿದ್ರೆ ಉತ್ತರ ಕೊಡ್ತಾರೆ," ಎಂದಳು. ಹುಡುಗಿಯರು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳುತ್ತ ಒಳಗೆ ಹೋದರು. ಅವಳು ಕಾಲು ಒತ್ತಿ ಯಂತ್ರ ಓಡಿಸಿದಳು.